ರೇಟು ಹೇಳದ ರೇಡಿಯಂ ಅಣ್ಣ

ಶಹಾಬಾದದಲ್ಲಿ ಕಲ್ಲಿಗೆ ರೇಟಿದೆ. ಇಷ್ಟು ದಪ್ಪದ್ದಕ್ಕೆ ಇಷ್ಟು, ಬರೀ ಕಟಿಂಗ್ ಆದದ್ದಕ್ಕೆ ಇಷ್ಟು, ಪಾಲಿಶ್ ಹೊಡೆದದ್ದಕ್ಕೆ ಇಷ್ಟು ಎಂದು ಫರಸಿ ಅಂಗಡಿಯವನು ಬಾಯೊಳಗಿನ ಎಲೆ-ಅಡಿಕೆ ಉಗುಳದೆಯೇ ಹೇಳಿಬಿಡುತ್ತಾನೆ. ಸೇಡಂನಲ್ಲಿ ತೊಗರಿಗೆ ರೇಟಿದೆ, ದಿನಾ ಬದಲಾಗುತ್ತದೆ, ಆದರೂ ಇದೆ. ವಾಡಿ, ಮಳಖೇಡಗಳಲ್ಲಿ ಸಿಮೆಂಟ್ ಚೀಲಕ್ಕೆ ರೇಟಿದೆ. ಟಂಟಂನವನು ಹದಿಮೂರನೆಯ ಮನುಷ್ಯನನ್ನು ತುರುಕಿದರೂ ಸೀಟಿಗಿಷ್ಟು ಎನ್ನುವುದನ್ನು ಮರೆಯುವುದಿಲ್ಲ. ಇಡೀ ಸೀಮೆಯಲ್ಲಿ ರೇಟಿಲ್ಲದೆ ಅಂಗಡಿ ತೆರೆದು ಕೂತವನು ಒಬ್ಬನೇ, ಗಾಡಿಗಳಿಗೆ ಸ್ಟಿಕ್ಕರ್ ಕೊರೆದು ಅಂಟಿಸುವ ನಮ್ಮ ರೇಡಿಯಂ ಅಣ್ಣ.

ಅವನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರ ಮೊಬೈಲಿನಲ್ಲೂ ‘ರೇಡಿಯಂ’ ಎಂದೇ ಇದ್ದಾನೆ. ಶಹಾಬಾದದಲ್ಲಿ ಒಬ್ಬನಿದ್ದಾನೆ, ವಾಡಿ ಜಂಕ್ಷನ್ನಿನ ಹೊರಗೆ ಒಬ್ಬ, ಚಿತ್ತಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ, ಚಿಂಚೋಳಿಯಲ್ಲಿ ಒಬ್ಬ. ಸೇಡಂನಲ್ಲಿ ಇಬ್ಬರಿದ್ದಾರೆ, ಇಬ್ಬರಿಗೂ ಮಾತಿಲ್ಲ. ಊರು ಬೇರೆಯಾದರೂ ಅಚ್ಚು ಒಂದೇ. ಎಂಟು ಬೈ ಹತ್ತರ ಮಳಿಗೆ, ಗೋಡೆ ತುಂಬ ಹುಲಿ, ಹದ್ದು, ಬಸವಣ್ಣ, ಬಾಬಾಸಾಹೇಬರು, 786, ರಾಯಣ್ಣ, ಯಾರದೋ ಕಣ್ಣು. ಒಂದು ಕಂಪ್ಯೂಟರು, ಅದರ ಪಕ್ಕ ಕಿರ್ರ್ ಕಿರ್ರ್ ಎಂದು ಹಾಳೆ ಕೊರೆಯುವ ಪ್ಲಾಟರ್ ಮಷೀನು. ಫ್ಯಾನು ಮಷೀನಿನ ಕಡೆ ತಿರುಗಿರುತ್ತದೆ. ಅಣ್ಣ ಬೆವರುತ್ತಿರುತ್ತಾನೆ.

ಕೆಲಸದಲ್ಲಿ ಮನುಷ್ಯ ಬಂಗಾರ. ಬೈಕಿನ ಟ್ಯಾಂಕಿನ ಉಬ್ಬು ನೋಡಿ ಅಕ್ಷರ ಎಷ್ಟು ಬಾಗಿಸಬೇಕೆಂದು ಕಣ್ಣಳತೆಯಲ್ಲೇ ಹೇಳುತ್ತಾನೆ. ಸ್ಟಿಕ್ಕರ್ ಅಂಟಿಸಿ ಉಗುರಿನಿಂದ ಸವರಿದರೆ ಒಂದು ಗುಳ್ಳೆ ಉಳಿಯುವುದಿಲ್ಲ. ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, “ಭಾರಿ ಆಗ್ಯಾದ ನೋಡಣ್ಣಾ” ಎನ್ನುತ್ತಾನೆ. ಅಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ ಗಿರಾಕಿ ಜೇಬಿಗೆ ಕೈ ಹಾಕುತ್ತಾನೆ.

“ಎಷ್ಟಾಯ್ತಣ್ಣಾ?”

ಅಣ್ಣ ಫ್ಯಾನಿನ ಕಡೆ ನೋಡುತ್ತಾನೆ. ಕತ್ತರಿ ತೆಗೆದು ಡ್ರಾಯರಿನಲ್ಲಿ ಇಡುತ್ತಾನೆ, ಮತ್ತೆ ಹೊರಗೆ ತೆಗೆಯುತ್ತಾನೆ. ಬಾಯೊಳಗೆ ನೂರಾ ಐವತ್ತು ಇರುತ್ತದೆ. ಹೊರಗೆ ಬರುವುದು ಬೇರೆ.

“ನಿಮಗೇನ್ ಹೇಳ್ಲಿರಿ... ನೀವೇ ತಿಳಿದು ಕೊಡ್ರಿ.”

ಗಿರಾಕಿ ತಿಳಿಯುತ್ತಾನೆ. ಐವತ್ತು ರೂಪಾಯಿಯಷ್ಟು ತಿಳಿಯುತ್ತಾನೆ. ಅಣ್ಣ ಆ ನೋಟನ್ನು ಎರಡೂ ಕಡೆ ತಿರುಗಿಸಿ ನೋಡಿ, “ಇರ್ಲಿ ಬಿಡ್ರಿ” ಎಂದು ಗಲ್ಲಾಕ್ಕೆ ಹಾಕುತ್ತಾನೆ. ಗಿರಾಕಿಯ ಬೈಕು ಮೂಲೆ ತಿರುಗಿದ ಮೇಲೆ ಚಾದ ಹುಡುಗನ ಎದುರು ಶುರುವಾಗುತ್ತದೆ: “ನೋಡೋ, ಒಂದ್ ತಾಸು ಕುಂತು ಮಾಡೀನಿ, ಐವತ್ತು ಕೊಟ್ಟು ಹೋದ! ಲಕ್ಷ ರೂಪಾಯಿ ಗಾಡಿ ತೊಗೊಂಡಾನ!” ಹೋದವನಿಗೆ ಇದು ಕೇಳಿಸುವುದಿಲ್ಲ. ಚಾದ ಹುಡುಗನಿಗೆ ಬಾಯಿಪಾಠವಾಗಿದೆ.

ಇನ್ನೊಂದು ಬಗೆಯ ಗಿರಾಕಿ ಇದ್ದಾನೆ, ಮರ್ಯಾದಸ್ಥ. ಕಡಿಮೆ ಕೊಟ್ಟರೆ ಏನೆಂದುಕೊಂಡಾನೋ ಎಂದು ಇನ್ನೂರು ಕೊಡುತ್ತಾನೆ. ಮನೆ ಮುಟ್ಟುವಷ್ಟರಲ್ಲಿ ಅವನಿಗೆ ಅನುಮಾನ ಹತ್ತುತ್ತದೆ. ಮರುದಿನದಿಂದ, “ಅವ ಭಾಳ ತೊಗೋತಾನ್ರಿ” ಎಂದು ಊರಿಗೆಲ್ಲ ಹೇಳುತ್ತಾನೆ. ಹೀಗೆ ಕಡಿಮೆ ಕೊಟ್ಟವನ ಕಡೆಯಿಂದ ರೊಕ್ಕವೂ, ಹೆಚ್ಚು ಕೊಟ್ಟವನ ಕಡೆಯಿಂದ ಹೆಸರೂ ಹೋಗುವ ಧಂದೆ ಇದು. ‘ತಿಳಿದು ಕೊಡ್ರಿ’ ಎನ್ನುವುದನ್ನು ನಮ್ಮ ಕಡೆ ವಿನಯ ಎಂದು ತಿಳಿಯುತ್ತಾರೆ. ನನಗೆ ಅದು ಶುದ್ಧ ಸೋಮಾರಿತನ ಎನಿಸುತ್ತದೆ. ಲೆಕ್ಕ ಮಾಡುವ ಕೆಲಸವನ್ನು ಗಿರಾಕಿಯ ತಲೆಗೆ ಕಟ್ಟಿ, ಅವನು ತಪ್ಪು ಮಾಡಿದ ಎಂದು ಬೈಯುವುದು.

ಹಿಂದೆ ಅಣ್ಣ ಹೀಗಿರಲಿಲ್ಲ. ನಂಬರ್ ಪ್ಲೇಟಿನ ಕಾಲದಲ್ಲಿ ಅವನಿಗೂ ರೇಟಿತ್ತು. ಹಿಂದಿನ ಅಕ್ಷರ 35 ಮಿಲಿಮೀಟರ್ ಎತ್ತರ, ಅಂಕಿ 40, ಮುಂದಿನದೆಲ್ಲ 30 ಎಂದು ಮೋಟಾರು ವಾಹನ ನಿಯಮವೇ ಬೈಕಿಗೆ ಅಳತೆ ಕೊಟ್ಟಿತ್ತು. ಕೆಎ 32 ಎಂದು ಶುರುವಾಗುವ ನಂಬರನ್ನು ನಿದ್ದೆಗಣ್ಣಿನಲ್ಲೂ ಕೊರೆಯುತ್ತಿದ್ದ. ಹಿಂದೆ ಮುಂದೆ ಎರಡೂ ಸೇರಿ ಇಷ್ಟು, ಮುಗಿಯಿತು. ಕೆಲವರು ಕನ್ನಡ ಅಂಕಿ ಬೇಕೆಂದರೆ, “ಅಭಿಮಾನ ಛಲೋರಿ, ದಂಡ ನೀವೇ ಕಟ್ಟಬೇಕು” ಎಂದು ಮೊದಲೇ ಹೇಳಿ ಹತ್ತು ರೂಪಾಯಿ ಹೆಚ್ಚು ತೊಗೊಳ್ಳುತ್ತಿದ್ದ. ಆಮೇಲೆ 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಶೋರೂಮಿನಲ್ಲೇ ಹೈ ಸೆಕ್ಯುರಿಟಿ ಪ್ಲೇಟು ಬಂತು. ಹೊಳೆಯುವ ಹೋಲೋಗ್ರಾಂ, ಲೇಸರಿನಿಂದ ಕೆತ್ತಿದ ಗುರುತಿನ ನಂಬರು, ಒಮ್ಮೆ ಹಾಕಿದರೆ ಬಿಚ್ಚಲು ಬಾರದ ಲಾಕು. 2023ರಲ್ಲಿ ಸರ್ಕಾರ ಹಳೆಯ ಗಾಡಿಗಳಿಗೂ ಅದೇ ಬೇಕೆಂದಿತು. ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ ಅಣ್ಣನಿಗೆ ಆಸೆ ಹುಟ್ಟಿಸಿತು, ಆದರೆ ಅಂಗಡಿಯ ಅನ್ನದ ಕೆಲಸ ಹೋದದ್ದು ಹೋಯಿತು. ಉಳಿದದ್ದು ಹೇಳಿ ಮಾಡಿಸುವ ಕೆಲಸ. ಒಬ್ಬನಿಗೆ ಬೇಕಾದದ್ದು ಇನ್ನೊಬ್ಬನಿಗೆ ಬೇಡ, ಒಂದು ಸಲ ಕೊರೆದದ್ದು ಮತ್ತೊಮ್ಮೆ ಬರುವುದಿಲ್ಲ. ಇಂಥದ್ದಕ್ಕೆ ರೇಟು ಕಟ್ಟುವುದು ಹೇಗೆಂದು ಅಣ್ಣನಿಗೆ ಯಾರೂ ಕಲಿಸಲಿಲ್ಲ.

ಗಿರಾಕಿಗೆ ಮಾತ್ರ ಲೆಕ್ಕ ಚೆನ್ನಾಗಿ ಬರುತ್ತದೆ. ಅವನು ಮೊಬೈಲು ತೆಗೆದು ಅಲ್ಲೇ ಗುಣಿಸುತ್ತಾನೆ. ಸ್ಟಿಕ್ಕರ್ ಹಾಳೆಯ ರೋಲಿನ ಅಗಲ 24 ಇಂಚು, ಉದ್ದ 50 ಮೀಟರು. ಅಂದರೆ ಸುಮಾರು 328 ಚದರಡಿ. ರೋಲಿಗೆ 3,300 ಎಂದು ಹಿಡಿದರೂ ಚದರಡಿಗೆ 10 ರೂಪಾಯಿ. “ನನ್ನ ಹೆಸರು ಒಂದೂವರೆ ಫೂಟು ಉದ್ದ, ನಾಕಿಂಚು ಅಗಲ. ಅರ್ಧ ಚದರಡಿ. ಐದು ರೂಪಾಯಿ ಪ್ಲಾಸ್ಟಿಕ್ಕಿಗೆ ನೂರೈವತ್ತು ಕೇಳ್ತೀ ಏನಣ್ಣಾ?”

ಲೆಕ್ಕ ತಪ್ಪಿಲ್ಲ. ಆ ಲೆಕ್ಕದಲ್ಲಿ ಅಣ್ಣ ಇಲ್ಲ, ಅಷ್ಟೇ. ಹೆಸರನ್ನು ಕೋರಲ್ ಡ್ರಾದಲ್ಲಿ ಕೂಡಿಸಬೇಕು. ‘ನುಡಿ’ ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದು ಫಾಂಟಿಗೆ ಹೋದ ಕೂಡಲೇ ಒತ್ತಕ್ಷರ ಎಲ್ಲೋ ಹಾರಿ ಕೂರುತ್ತದೆ, ಅದನ್ನು ಹಿಡಿದು ತರಬೇಕು. ಮಷೀನು ಕೊರೆದ ಮೇಲೆ ಬೇಡವಾದ ಹಾಳೆಯನ್ನು ಚಿಮಟಿಗೆಯಿಂದ ಕಿತ್ತು ತೆಗೆಯಬೇಕು. ‘ರ’ದ ಹೊಟ್ಟೆಯೊಳಗಿನ ಚೂರು, ‘ಠ’ದ ನಡುವಿನ ಚುಕ್ಕಿ, ಇವು ಬೇಕಾದ್ದೋ ಬೇಡಾದ್ದೋ ನೋಡಿ ಕೀಳಬೇಕು. ಕಣ್ಣಿನ ಕೆಲಸ ಇದು. ಮೇಲೆ ಟೇಪು ಒತ್ತಿ ಎತ್ತಬೇಕು, ಗಾಡಿ ಒರೆಸಬೇಕು, ಸೋಪಿನ ನೀರು ಹೊಡೆದು ಅಂಟಿಸಬೇಕು, ನೀರು ಒತ್ತಿ ಹೊರಗೆ ತೆಗೆಯಬೇಕು.

ಅದರಲ್ಲೂ ನಮ್ಮ ಊರು. ಕಲ್ಲು ಕೊರೆಯುವ, ಪಾಲಿಶ್ ಮಾಡುವ ಮಷೀನುಗಳ ಬಿಳಿ ಧೂಳು ಬೆಳಗ್ಗೆ ಒರೆಸಿದ ಟ್ಯಾಂಕಿನ ಮೇಲೆ ಚಾ ಕುಡಿದು ಬರುವುದರೊಳಗೆ ಮತ್ತೆ ಕೂತಿರುತ್ತದೆ. ಸ್ಟಿಕ್ಕರಿನ ಕೆಳಗೆ ಒಂದು ಕಣ ಸಿಕ್ಕಿತೆಂದರೆ ಗುಳ್ಳೆ, ಗುಳ್ಳೆ ಎಂದರೆ ಮತ್ತೆ ಕೊರೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ಟ್ಯಾಂಕು ಕಾದು, ಅಂಟು ಇಟ್ಟಲ್ಲೇ ಕಚ್ಚಿ, ಸರಿಸಲು ಬರುವುದಿಲ್ಲ. ನಡುವೆ ಕರೆಂಟು ಹೋದರೆ ಮಷೀನಿಗೆ ತಾನು ಎಲ್ಲಿದ್ದೆ ಎಂಬುದೇ ಮರೆತು, ಬಂದ ಮೇಲೆ ಹೆಸರಿನ ಮೇಲೆ ಹೆಸರು ಕೊರೆಯುತ್ತದೆ. ಇದಾವುದೂ ಮೊಬೈಲಿನ ಗುಣಾಕಾರದಲ್ಲಿ ಬರುವುದಿಲ್ಲ. ಪಕ್ಕದ ಫರಸಿ ಅಂಗಡಿಯಲ್ಲಿ ಒಡೆದ ಕಲ್ಲಿನ ನಷ್ಟವನ್ನು ಗಟ್ಟಿ ಕಲ್ಲಿನ ರೇಟಿನಲ್ಲೇ ಸೇರಿಸಿರುತ್ತಾರೆ. ಅದೇ ಗಿರಾಕಿ ಅಲ್ಲಿ ತುಟಿ ಬಿಚ್ಚದೆ ಕೊಟ್ಟು ಬರುತ್ತಾನೆ.

ಒಮ್ಮೆ ಅಣ್ಣ ಧೈರ್ಯ ಮಾಡಿ ಅಕ್ಷರಕ್ಕಿಷ್ಟು ಎಂದು ರೇಟು ಇಟ್ಟ. ಅಂದಿನಿಂದ ಅಂಗಡಿ ವ್ಯಾಕರಣ ಶಾಲೆಯಾಯಿತು. ‘ಶ್ರೀ ಶರಣಬಸವೇಶ್ವರ ಪ್ರಸನ್ನ’ದಲ್ಲಿ ಎಷ್ಟು ಅಕ್ಷರ? ಗಿರಾಕಿ ಬೆರಳು ಮಡಚಿ 12 ಎಂದ. ಅಣ್ಣ ಒತ್ತು ನಾಲ್ಕು, ದೀರ್ಘ ಎರಡು ಬೇರೆ ಎಂದು 18 ಎಂದ. “ಒತ್ತಿಗೂ ರೊಕ್ಕಾ? ದೇವರ ಹೆಸರಿನ್ಯಾಗ ಒತ್ತು ಎಣಸ್ತೀ?” ಎಂದ ಮೇಲೆ ಯಾವ ವ್ಯಾಪಾರಿ ನಿಲ್ಲುತ್ತಾನೆ! ಉರ್ದುವಿನಲ್ಲಿ ಇನ್ನೂ ಫಜೀತಿ. ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಎಷ್ಟೋ ಸಲ ಇಡೀ ಶಬ್ದ ಒಂದೇ ತುಂಡಾಗಿ ಹೊರಬರುತ್ತದೆ. “ಏಕ್ ಹೀ ತೋ ಹೈ ಭಾಯ್” ಎಂದ ಟಂಟಂ ಚಾಚಾ. ಎಲ್ಲಕ್ಕಿಂತ ಅಗ್ಗದ ಕೆಲಸ ಇಂಗ್ಲಿಷಿನ ‘ಪ್ರೆಸ್’. ಐದೇ ಅಕ್ಷರ, ಕಿತ್ತು ತೆಗೆಯಲು ಏನೂ ತ್ರಾಸಿಲ್ಲ. ಆದರೆ ಅದನ್ನು ಮಾಡಿಸಲು ಬಂದವರು ಯಾರೂ ರೊಕ್ಕ ಕೊಟ್ಟ ದಾಖಲೆ ಇಲ್ಲ. ಯಾವ ಪೇಪರು ಎಂದು ಕೇಳುವ ಧೈರ್ಯವೂ ಅಣ್ಣನಿಗಿಲ್ಲ.

ಡಿಸೈನಿನ ಕತೆ ಬೇರೆ. ಗಿರಾಕಿ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಮಬ್ಬು ಫೋಟೊ ತೋರಿಸಿ, “ಡಿಟ್ಟೋ ಇದರಂಗ” ಎನ್ನುತ್ತಾನೆ. ಅಣ್ಣ ಎರಡು ತಾಸು ಕೂತು ಗೆರೆ ಗೆರೆ ಎಳೆದು ಸಿದ್ಧಮಾಡುತ್ತಾನೆ. ಗಿರಾಕಿ ಸ್ಕ್ರೀನಿನ ಫೋಟೊ ಹೊಡೆದುಕೊಂಡು, “ಮನ್ಯಾಗ ತೋರಸ್ತೀನಿ” ಎಂದು ಹೋಗುತ್ತಾನೆ. ವಾರದ ಮೇಲೆ ಆ ಡಿಸೈನು ಊರೊಳಗೆ ಓಡಾಡುತ್ತಿರುತ್ತದೆ, ಇನ್ನೊಂದು ಅಂಗಡಿಯಲ್ಲಿ ಅಂಟಿಸಿಕೊಂಡು. ಇನ್ನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು. ಆನ್‌ಲೈನಿನಲ್ಲಿ ಸಣ್ಣ ಮಷೀನು ತರಿಸಿ, ಹಾಬಿ ಎಂದು ಮನೆಯಲ್ಲೇ ಮಾಡುತ್ತಾರೆ. ಅವರ ರೇಟು ಅಣ್ಣನ ಅರ್ಧ. ಅವರ ಕರೆಂಟು ಬಿಲ್ಲು, ಊಟ, ಕೋಣೆಯ ಬಾಡಿಗೆ ಅವರಪ್ಪ ಕೊಡುತ್ತಾನೆ ಎಂಬುದು ಆ ರೇಟಿನಲ್ಲಿ ಬರೆದಿರುವುದಿಲ್ಲ. ಪರೀಕ್ಷೆ ಬಂದಾಗ ಗಿರಾಕಿಗಳು ಮತ್ತೆ ಅಣ್ಣನ ಹತ್ತಿರವೇ ಬರುತ್ತಾರೆ, ಆ ಅರ್ಧ ರೇಟನ್ನು ಕೈಯಲ್ಲಿ ಹಿಡಿದುಕೊಂಡು.

ಅಣ್ಣನಿಗೆ ಗಟ್ಟಿಯಾದ ರೇಟು ಒಂದೇ ಒಂದಕ್ಕಿದೆ. ಹೆಸರು ತೆಗೆಯುವುದಕ್ಕೆ. ಒಂದು ವರ್ಷದ ಹಿಂದೆ ಹೃದಯದ ಚಿತ್ರದೊಳಗೆ ಎರಡು ಅಕ್ಷರ ಕೂಡಿಸಿ ಅಂಟಿಸಿಕೊಂಡು ಹೋದ ಹುಡುಗ, ಮನೆಯಲ್ಲಿ ಬೇರೆ ಕಡೆ ನಿಶ್ಚಯವಾದ ಮೇಲೆ, ಕತ್ತಲಾದಾಗ ಬರುತ್ತಾನೆ. ಅಣ್ಣ ಹೀಟ್ ಗನ್ ಹಿಡಿದು, ಅಂಚಿನಿಂದ ಮೆಲ್ಲಗೆ ಎಬ್ಬಿಸಿ, ಉಳಿದ ಅಂಟನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ಫ್ಯಾನು ನೋಡದೆ, ಕತ್ತರಿ ಮುಟ್ಟದೆ, “ನೂರೈವತ್ತು” ಎನ್ನುತ್ತಾನೆ. ಹುಡುಗ ಚೌಕಾಸಿ ಮಾಡದೆ ಕೊಡುತ್ತಾನೆ. ನಾಚಿಕೊಂಡವನು ಚೌಕಾಸಿ ಮಾಡುವುದಿಲ್ಲ ಎಂಬ ವ್ಯಾಪಾರದ ಗುಟ್ಟು ಅಣ್ಣನಿಗೆ ಗೊತ್ತಿದೆ. ಹಚ್ಚುವಾಗ ನಾಚಿಕೊಳ್ಳುವವನು ತಾನೇ ಆಗಿರುತ್ತೇನೆ ಎನ್ನುವುದು ಮಾತ್ರ ಹೊಳೆದಿಲ್ಲ.

ಊರಿನ ಎಲ್ಲ ರೇಟಿನ ಬೋರ್ಡು ಕೊರೆದವನು ಇವನೇ. ಸಲೂನಿನ ಗಾಜಿನ ಮೇಲೆ ಕಟಿಂಗಿಗೆ ಇಷ್ಟು, ದಾಡಿಗೆ ಇಷ್ಟು, ಖಾನಾವಳಿಯ ಗೋಡೆಗೆ ಊಟಕ್ಕೆ ಇಷ್ಟು, ಗಿರಣಿಯ ಬಾಗಿಲಿಗೆ ‘ಇಂದು ನಗದು, ನಾಳೆ ಉದ್ರಿ’. ಅವನ ಅಂಗಡಿಯ ಗೋಡೆಗೆ ಒಂದೂ ಇಲ್ಲ. ಕೇಳಿದರೆ, “ಜಾಗಾ ಎಲ್ಲದರಿ?” ಎಂದು ಹುಲಿ, ಹದ್ದುಗಳನ್ನು ತೋರಿಸುತ್ತಾನೆ.

ಅವನ ಹೆಂಡತಿ ವಾರದಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂಡುತ್ತಾರೆ, ಅವನು ಕಲಬುರಗಿಗೆ ಸಾಮಾನು ತರಲು ಹೋದಾಗ. ಆಕೆ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವವರು. ರೊಟ್ಟಿಗೆ ಇಷ್ಟು, ಡಜನ್ನಿಗೆ ಇಷ್ಟು. “ಹಿಟ್ಟಿಗೆ ಎಷ್ಟು ಬಿದ್ದದ?” ಎಂದು ಇವತ್ತಿನ ತನಕ ಯಾರೂ ಕೇಳಿಲ್ಲ. ಅದೇ ಲೆಕ್ಕ ಅವರು ಇಲ್ಲಿಗೂ ತಂದಿದ್ದಾರೆ. ಮಷೀನು ಚಾಲೂ ಮಾಡಿದರೆ ಎಷ್ಟೇ ಸಣ್ಣ ಕೆಲಸವಾದರೂ 60. ಡಿಸೈನು ಬೇರೆ, ಅರ್ಧ ಮುಂಗಡ. ಹಾಳೆಯ ಖರ್ಚಿನ ಮೇಲೆ ಕೂತ ಹೊತ್ತಿಗೆ ತಾಸಿನ ಲೆಕ್ಕ, ಅದರ ಮೇಲೆ ಕೆಟ್ಟುಹೋಗುವುದಕ್ಕೆ ಒಂದಿಷ್ಟು. ಅಂಟಿಸುವುದು ಬೇರೆ, ನೀವೇ ಅಂಟಿಸಿಕೊಂಡರೆ ಕಡಿಮೆ, ಗುಳ್ಳೆ ಬಂದರೆ ನಮ್ಮನ್ನು ಕೇಳಬೇಡಿ.

“ಎಷ್ಟಾಯ್ತು ಅಕ್ಕೋರೆ?”

“ನೂರಾ ನಲವತ್ತು.”

“ಅಣ್ಣ ಇದ್ರ ಕಡಿಮಿ ತೊಗೋತಿದ್ದ.”

“ಹಂಗಾರ ಅಣ್ಣ ಇದ್ದಾಗ ಬರ್ರಿ.”

ಗಿರಾಕಿ ನಗುತ್ತ ಕೊಟ್ಟು ಹೋಗುತ್ತಾನೆ. ಅಣ್ಣ ಬಂದು ಗಲ್ಲಾ ನೋಡಿ, “ಹಿಂಗ ಮಾಡಿದ್ರ ಗಿರಾಕಿ ಒಡೀತಾವ” ಎಂದು ಗೊಣಗುತ್ತಾನೆ. ಒಬ್ಬನೂ ಒಡೆದಿಲ್ಲ. ಗಲ್ಲಾದಲ್ಲಿನ ರೊಕ್ಕ ಎಣಿಸಿ ಆಕೆ ಮನೆಗೆ ಹೋಗುತ್ತಾರೆ, ಮುಂದಿನ ಗಿರಾಕಿಗೆ ಅಣ್ಣ ಮತ್ತೆ ‘ತಿಳಿದು ಕೊಡ್ರಿ’ ಎನ್ನುತ್ತಾನೆ.

ಇದನ್ನು ಓದುವವರ ಗಾಡಿಯ ಮೇಲೂ ಮನೆದೇವರ ಹೆಸರೋ, ಮಕ್ಕಳ ಹೆಸರೋ, ‘ಅವ್ವನ ಆಶೀರ್ವಾದ’ವೋ ಇದ್ದೇ ಇರುತ್ತದೆ. ಅದಕ್ಕೆ ಎಷ್ಟು ಕೊಟ್ಟಿದ್ದೀರಿ ನೆನಪು ಮಾಡಿಕೊಳ್ಳಿ. ಉದ್ರಿ ಉಳಿದಿದ್ದರೆ ಅಣ್ಣ ಕೇಳುವವನಲ್ಲ, ನೀವೇ ಹೋಗಿ ಕೊಡಿ. ಆಕೆ ಅಂಗಡಿಯಲ್ಲಿರುವ ದಿನ ಹೋದರೆ ಲೆಕ್ಕ ಸರಿಯಾಗಿ ಸಿಗುತ್ತದೆ.