ಏಡಿ, ಬೂಷ್ಟು, ಅನಾಥರು: ಒಂದು ತ್ರಿತಾಲ್ಲೂಕು ಮೀಮಾಂಸೆ

ಲೆಮೊನಿ ಸ್ನಿಕೆಟ್ ಎಂಬ ಹೆಸರಲ್ಲಿ ಡೇನಿಯಲ್ ಹ್ಯಾಂಡ್ಲರ್ 2000ದಲ್ಲಿ ಹೊರತಂದ ‘ದಿ ಆಸ್ಟಿಯರ್ ಅಕಾಡೆಮಿ’ ಮಕ್ಕಳ ಕಾದಂಬರಿಯೆಂದು ಲೋಕ ನಂಬಿದೆ. ಅದು ವಸ್ತುತಃ ಮಲೆನಾಡಿನ ಹಾಸ್ಟೆಲ್ ಶಾಸ್ತ್ರವೆಂದೂ, ಗ್ರಂಥಕರ್ತರು ಮಳೆಗಾಲದ ಕೊಪ್ಪ ಕಾಣದ್ದರಿಂದ ಪ್ರಮಾದಗಳು ಉಳಿದಿವೆಯೆಂದೂ ಇಲ್ಲಿ ಸಾಧಿಸಲಾಗುವುದು.

ಪೂರ್ವಪಕ್ಷ ಹೀಗಿದೆ. ತಂದೆತಾಯಿ ಇಲ್ಲದ ವಯೊಲೆಟ್, ಕ್ಲಾಸ್, ಸನ್ನಿಯರನ್ನು ವಸತಿಶಾಲೆಯವರು ತಗಡಿನ ಗುಡಿಸಲಿಗೆ ತಳ್ಳುತ್ತಾರೆ. ನೆಲದ ತುಂಬ ಏಡಿ, ಸೂರಿನಿಂದ ತೊಟ್ಟಿಕ್ಕುವ ಬೂಷ್ಟು. ಏಡಿ ಬೆದರಿಸಲು ಸದ್ದಿನ ಬೂಟು, ಬೂಷ್ಟು ಒಣಗಿಸಲು ಉಪ್ಪು. ಇದು ದುಃಖದ ಪರಾಕಾಷ್ಠೆಯಂತೆ.

ಕೊಪ್ಪದ ಪಂಡಿತರು ಒಪ್ಪುವುದಿಲ್ಲ. ಏಡಿ ತಾನಾಗಿ ಕೋಣೆಗೆ ಬರುವುದಾದರೆ ಅದು ಶಿಕ್ಷೆಯಲ್ಲ, ಸವಲತ್ತು. ಗದ್ದೆ ಅಂಚಿನ ಬಿಲಕ್ಕೆ ಕೈ ಹಾಕಿ ಬೆರಳು ಕಚ್ಚಿಸಿಕೊಂಡವರನ್ನು ಕೇಳಿ. ಮೂವರಲ್ಲಿ ಒಬ್ಬರಿಗೂ ಸಾರಿನ ಯೋಚನೆ ಬಾರದ್ದು ಅಸಹಜ. ಸಿಕ್ಕಿದ್ದನ್ನೆಲ್ಲ ಕಚ್ಚುವ ಕೂಸು ಸನ್ನಿಯೂ ಸುಮ್ಮನಿದ್ದದ್ದು ಅಕ್ಷಮ್ಯ. ಉಪ್ಪಿನ ವಿಚಾರದಲ್ಲಿ ಗ್ರಂಥಕರ್ತರಿಗೆ ಅರ್ಧ ಅಂಕ ಕೊಡಬಹುದು. ಅದನ್ನು ಸೂರಿಗಲ್ಲ, ಕಾಲಿಗೆ ಹತ್ತಿದ ಇಂಬಳಕ್ಕೆ ಹಾಕಬೇಕಿತ್ತು. ಜುಲೈಯಲ್ಲಿ ಟ್ರಂಕು, ಚಾಪೆ, ಗಣಿತದ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುವಾಗ ಸೂರಿನದ್ದನ್ನು ಯಾರು ಲೆಕ್ಕಕ್ಕಿಡುತ್ತಾರೆ? ಬಚ್ಚಲೊಲೆಯ ಮೇಲೆ ಒಣಗಿಸಿದ ಚಡ್ಡಿಯ ಹೊಗೆವಾಸನೆಯಂತೂ ಇಡೀ ಗ್ರಂಥದಲ್ಲಿ ಲುಪ್ತ.

ಇನ್ನು ಉಪಪ್ರಾಂಶುಪಾಲ ನೀರೋ. ದಿನಾ ರಾತ್ರಿ ಆರು ಗಂಟೆ ಪಿಟೀಲು ಕುಯ್ಯುತ್ತಾನೆ. ತಪ್ಪಿಸಿಕೊಂಡವರು ಅವನಿಗೆ ಮಿಠಾಯಿ ಕೊಡಿಸಿ, ಅವನು ತಿನ್ನುವುದನ್ನು ನೋಡುತ್ತ ಕೂರಬೇಕು. ಶೃಂಗೇರಿ ಕಡೆಯವರಿಗೆ ಇದು ನಗೆ. ಬೆಳಗಿನವರೆಗೆ ಆಟ ನೋಡಲು ಹೋಗಿ, ಚೆಂಡೆಯ ಪಕ್ಕದಲ್ಲೇ ಮಲಗಿ, ರಾಕ್ಷಸ ಬಂದಾಗ ಮಾತ್ರ ಎದ್ದು ಕೂರುವ ಮಕ್ಕಳಿಗೆ ಆರು ಗಂಟೆ ಯಾವ ಲೆಕ್ಕ?

ಕಂಡದ್ದನ್ನೆಲ್ಲ ಮಕ್ಕಳಿಂದ ಅಳೆಸುವ ಬಾಸ್ ಟೀಚರನ್ನು ನರಸಿಂಹರಾಜಪುರದವರು ಮೆಚ್ಚಿದ್ದಾರೆ. ಭದ್ರಾ ಹಿನ್ನೀರಿನ ಪಕ್ಕ, ಒಂದು ಕಡೆ ಅರಣ್ಯದ ಗಡಿ, ಇನ್ನೊಂದು ಕಡೆ ಬಗರ್‌ಹುಕುಂ ಅರ್ಜಿ ಇಟ್ಟುಕೊಂಡು ಬದುಕುವವರಿಗೆ ಇದಕ್ಕಿಂತ ಉಪಯುಕ್ತ ವಿದ್ಯೆ ಇಲ್ಲ.

ಉಳಿದದ್ದು ಪೋ ಎಂಬ ಬ್ಯಾಂಕಿನವರು. ಮಕ್ಕಳಿಗೂ ಅವರ ಆಸ್ತಿಗೂ ಅವರೇ ದಿಕ್ಕು. ಆಸ್ತಿಯ ಆಸೆಗೆ ಕೌಂಟ್ ಓಲಾಫ್ ಪೇಟ ಸುತ್ತಿಕೊಂಡು ಡ್ರಿಲ್ ಮೇಷ್ಟ್ರಾಗಿ ಬಂದು, ರಾತ್ರಿಯೆಲ್ಲ ಮಕ್ಕಳನ್ನು ಮೈದಾನದಲ್ಲಿ ಓಡಿಸುತ್ತಾನೆ. ಮಕ್ಕಳಿಗೆ ಗುರುತು ಸಿಗುತ್ತದೆ, ಪೋ ಅವರಿಗೆ ಕೆಮ್ಮು ಬರುತ್ತದೆ. ಈ ಪಾತ್ರದ ಸಹಜತೆಗೆ ಮೂರು ತಾಲ್ಲೂಕಿನಲ್ಲೂ ಒಂದೂ ಆಕ್ಷೇಪವಿಲ್ಲ. ಕನ್ನಡಕ್ಕೆ ತರುವಾಗ, ಕೆಮ್ಮು ನಿಂತ ಮೇಲೆ ಒಂದು ಮಾತು ಸೇರಿಸಿದರೆ ಸಾಕು: “ಆಯ್ತು ಮಾರಾಯ್ತಿ, ನೋಡಣ. ಒಂದು ಅರ್ಜಿ ಬರ್ಕೊಂಡು, ಅಪ್ಪನ ಸಹಿ ಹಾಕಿಸ್ಕೊಂಡು ಸೋಮವಾರ ಬಾ.”