ಮರದ್ದೇ ತಪ್ಪು

ಡಿಸ್ಕ್ ರಾಯರನ್ನು ನೋಡಬೇಕೆಂದರೆ ಶನಿವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನ ಡಿಲಾವಿಯಾಗಾ ಪಾರ್ಕಿಗೆ ಹೋಗಬೇಕು. ವಾರವಿಡೀ ಸನಿವೇಲ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು, ರಜೆ ಸಿಕ್ಕೊಡನೆ ಘಟ್ಟದ ರಸ್ತೆ ಹಿಡಿದು ಬರುವವರಲ್ಲಿ ಒಬ್ಬರಾದರೂ ರಾಯರು ಇದ್ದೇ ಇರುತ್ತಾರೆ. ಬೆನ್ನಿಗೊಂದು ದಪ್ಪ ಚೀಲ, ಚೀಲದೊಳಗೆ ಇಪ್ಪತ್ತು ಚಿಲ್ಲರೆ ಪ್ಲಾಸ್ಟಿಕ್ ಡಿಸ್ಕು, ಬಾಯಲ್ಲಿ ಕಾರಣ. ಇಷ್ಟು ಗುರುತು ಸಾಕು.

ಡಿಸ್ಕ್ ಗಾಲ್ಫ್ ಕಷ್ಟದ ಆಟವೇನಲ್ಲ. ಎಸೆಯುವುದು, ಬಿದ್ದಲ್ಲಿಂದ ಮತ್ತೆ ಎಸೆಯುವುದು, ಕೊನೆಗೆ ಸರಪಳಿ ಇಳಿಬಿಟ್ಟ ಬುಟ್ಟಿಗೆ ಬೀಳಿಸುವುದು. ಒಂದೊಂದು ಬುಟ್ಟಿಗೂ ಒಂದೊಂದು ‘ಹೋಲ್’ ಎಂದು ಲೆಕ್ಕ. ಬಯಲಾಗಿದ್ದರೆ ಮಕ್ಕಳೂ ಆಡಿಯಾರು. ಆದರೆ 1984ರಲ್ಲಿ ಶುರುವಾದ ಈ ಕೋರ್ಸು ಇರುವುದು ಓಕ್ ಮರಗಳ ನಡುವೆ, ಕೊರಕಲುಗಳ ಅಂಚಿನಲ್ಲಿ. ಬುಟ್ಟಿ ತಪ್ಪಿದ ಡಿಸ್ಕು ನೆಲಕ್ಕೆ ಬಿದ್ದು ಸುಮ್ಮನಿರುವುದಿಲ್ಲ; ಅಂಚಿನ ಮೇಲೆ ಎದ್ದು ನಿಂತು ಇಳಿಜಾರಿನಲ್ಲಿ ಉರುಳುತ್ತಾ ಹೊರಟೇ ಬಿಡುತ್ತದೆ.

ದೂರಕ್ಕೆ ಎಸೆಯಲು ಡ್ರೈವರ್, ಬುಟ್ಟಿಗೆ ಬೀಳಿಸಲು ಪಟ್ಟರ್. ಪ್ರತಿ ಡಿಸ್ಕಿಗೂ ನಾಲ್ಕು ಅಂಕಿ: ವೇಗ, ತೇಲುವಿಕೆ, ಮೊದಲು ವಾಲುವುದೆಷ್ಟು, ಕೊನೆಗೆ ಎಳೆಯುವುದೆಷ್ಟು. ರಾಯರು ಅದನ್ನು ಜಾತಕ ಓದಿದ ಹಾಗೆ ಓದುತ್ತಾರೆ. ‘ಹನ್ನೆರಡು, ಐದು, ಮೈನಸ್ ಒಂದು, ಮೂರು. ಈ ಗಾಳಿಗೆ ಇದೇ ಸರಿ’ ಎಂದು ಕಣ್ಣು ಕಿರಿದು ಮಾಡಿ, ನಾಲ್ಕು ಹೆಜ್ಜೆ ಓಡಿ, ಸೊಂಟ ತಿರುಗಿಸಿ ಬೀಸುತ್ತಾರೆ. ಠಪ್! ಮೊದಲ ಮರ.

‘ಮರ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ಬರೀ ಗಾಳಿ’ ಅನ್ನುವುದು ಈ ಆಟಗಾರರ ಹಳೇ ಸಮಾಧಾನ. ರಾಯರ ಡಿಸ್ಕು ಮಿಕ್ಕ ಹತ್ತು ಪಾಲನ್ನೇ ಹುಡುಕಿಕೊಂಡು ಹೋಗುತ್ತದೆ. ರಾಯರಿಗೆ ಇದರಿಂದ ಬೇಸರವಿಲ್ಲ. ಮರ ಬೆಳೆದಿದೆ, ಕೈ ಬೆವತಿದೆ, ಹಿಂದಿನವರು ಕೆಮ್ಮಿದರು. ಎಸೆತ ಎರಡು ಸೆಕೆಂಡಿನದು, ವಿವರಣೆ ಮುಂದಿನ ಹೋಲಿನವರೆಗೆ. ನನಗನ್ನಿಸುವಂತೆ ಅವರು ಇಷ್ಟು ದೂರ ಬರುವುದೇ ಆ ವಿವರಣೆಗಾಗಿ. ಡಿಸ್ಕು ನೆಟ್ಟಗೆ ಹೋದ ದಿನ ಪಾಪ, ಮಾತಿಗೆ ತಡಕಾಡುತ್ತಾರೆ.

ಕಳೆದ ಡಿಸ್ಕನ್ನು ಹುಡುಕಲು ನಿಯಮದ ಪ್ರಕಾರ 3 ನಿಮಿಷ. ರಾಯರು ಅರ್ಧ ಗಂಟೆಯಾದರೂ ಪೊದೆ ಬಿಟ್ಟು ಏಳುವುದಿಲ್ಲ. ಡಿಸ್ಕಿನ ತಳದಲ್ಲಿ ಮಾರ್ಕರಿನಿಂದ ಹೆಸರು, ಫೋನ್ ನಂಬರು ಬರೆದಿರುವುದರಿಂದ, ಸಿಕ್ಕವರು ಆಫೀಸಿನ ಮೀಟಿಂಗ್ ನಡುವೆ ಫೋನ್ ಮಾಡುವುದೂ ಉಂಟು. ಆಗ ರಾಯರ ಮುಖ ನೋಡಬೇಕು, ಮಗುವಿನ ನಾಮಕರಣಕ್ಕೂ ಅಷ್ಟು ಅರಳಿರಲಿಲ್ಲ.

ಆರು ತಿಂಗಳಿಗೆಂದು ತೀರ್ಥಹಳ್ಳಿಯಿಂದ ಬಂದ ಅವರ ತಂದೆ ಒಂದು ವಾರ ಜೊತೆಗೆ ಹೋದರು. ಮಗ ಪೊದೆಗೆ ನುಗ್ಗುವುದನ್ನು ನೋಡಿ ಕೂಗಿದರು:

‘ಏಯ್, ಆ ಮೂರೆಲೆ ಗಿಡ ಮುಟ್ಬೇಡ್ವೋ!’

‘ಅದು ಪಾಯ್ಸನ್ ಓಕ್, ಅಪ್ಪಯ್ಯ.’

‘ಹೆಸರು ಏನಾದ್ರೂ ಇರ್ಲಿ. ನಮ್ಮ ಚೇರೆ ಮರದ ಬುದ್ಧಿಯೇ ಅದರದ್ದು.’

ಅಪ್ಪಯ್ಯ ಸಸ್ಯಶಾಸ್ತ್ರ ಓದಿದವರಲ್ಲ, ಆದರೂ ಸರಿಯಾಗಿಯೇ ಹೇಳಿದ್ದರು. ಎರಡೂ ಗೇರು, ಮಾವಿನ ಕುಟುಂಬದವೇ. ರಾಯರು ಮಾತ್ರ ಡಿಸ್ಕಿನೊಂದಿಗೆ ಮೈತುಂಬ ಬೊಕ್ಕೆಯನ್ನೂ ತಂದರು. ಅದಕ್ಕೂ ಕಾರಣ ಸಿಕ್ಕಿತು: ಗಾಳಿ ಎಡಕ್ಕೆ ತಿರುಗಿತ್ತು.

27ನೆಯ ಹೋಲಿಗೆ ‘ಟಾಪ್ ಆಫ್ ದಿ ವರ್ಲ್ಡ್’ ಎಂದು ಹೆಸರು. ಎತ್ತರದಿಂದ ಕೆಳಕ್ಕೆ ಎಸೆಯುವುದು. ಅಲ್ಲಿ ನಿಂತು ರಾಯರು ಹೊಸಬರಿಗೆಲ್ಲ ಎಡ್ ಹೆಡ್ರಿಕ್ಕನ ಕತೆ ಹೇಳುತ್ತಾರೆ. ಇಂದಿನ ಫ್ರಿಸ್ಬಿಗೆ ಹದ ತಂದವನು, ಸರಪಳಿ ಬುಟ್ಟಿ ಕಂಡುಹಿಡಿದವನು. 2002ರಲ್ಲಿ ತೀರಿಕೊಂಡಾಗ ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕುಗಳನ್ನೇ ಮಾಡಿದರು. ಹೇಳಿ ಮುಗಿಸುವಾಗ ರಾಯರ ಗಂಟಲು ಕಟ್ಟುತ್ತದೆ.

‘ನನಗೂ ಹಾಗೇ ಮಾಡಿಸಿಬಿಡೇ’ ಎಂದರು ಮೊನ್ನೆ ಹೆಂಡತಿಗೆ.

‘ಮಾಡಿಸಬಹುದು ಕಣ್ರೀ. ಆದ್ರೆ ಯಾರು ಎಸೆದ್ರೂ ನೀವು ಹೋಗಿ ಬಡಿಯೋದು ಆ ಮೊದಲನೇ ಮರಕ್ಕೇ.’

ರಾಯರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ಹಾಗಾದ್ರೆ ಡ್ರೈವರ್ ಬೇಡ, ಪಟ್ಟರ್ ಮಾಡಿಸು. ಅದು ಕೊನೇಲಿ ಅಷ್ಟು ಎಡಕ್ಕೆ ಎಳೆಯಲ್ಲ.’