ಹೋರಿವಾಹನ ಮೀಮಾಂಸೆ

ಶಿವನಿಗೆ ವಾಹನ ನಂದಿ. ನಂದಿಗೆ ವಾಹನ ಯಾವುದು? ಪುರಾಣಿಕರು ಈ ಪ್ರಶ್ನೆಯ ಗೊಡವೆಗೆ ಹೋಗಲಿಲ್ಲ. ಆಗ ನಂದಿ ನಡೆದೇ ಹೋಗುತ್ತಿದ್ದ. ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯಲ್ಲಿ 13ನೇ ಶತಮಾನದ, ಸೇವುಣರ ಕಾಲದ ಶಾಂತೇಶ್ವರ ದೇವಸ್ಥಾನವಿದೆ. ಅದರ ಕಲ್ಲುಗಳು ಪಿಕಪ್ಪಿನಲ್ಲಿ ಬಂದವಲ್ಲ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿದೆ. ಆದರೆ ಇಂದು ದೀಪಾವಳಿ ಕಳೆದ ಮೇಲೆ ಅದೇ ಊರಿನ ರಸ್ತೆ ಬದಿಗೆ ನಿಂತು ನೋಡಿ: ನಂದಿಯ ಕುಲದವರು ಗಾಡಿಯೇರಿ ಮುಂದೆ ಹೋಗುತ್ತಾರೆ, ಗೃಹಸ್ಥರು ಧೂಳು ಕುಡಿಯುತ್ತ ಬೈಕಿನಲ್ಲಿ ಹಿಂದೆ ಹೋಗುತ್ತಾರೆ. ಶಾಸ್ತ್ರಕಾರರ ಮೌನ ಇನ್ನು ಸಲ್ಲದು. ಆದ್ದರಿಂದ ಮೀಮಾಂಸಕರ ಕ್ರಮವನ್ನೇ ಹಿಡಿದು, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ನಿರ್ಣಯ ಎಂಬ ಐದು ಅಂಗಗಳಲ್ಲಿ ಈ ಅಧಿಕರಣವನ್ನು ರಚಿಸಲಾಗಿದೆ.

ವಿಷಯ

ಅಮೆರಿಕ ಖಂಡದ ಗೃಹಸ್ಥನಿಗೆ ಒಂದು ಧರ್ಮಸಂಕಟವಿದೆ. ಅವನ ಮನೆಯಲ್ಲಿ ಸ್ಪೋರ್ಟ್ಸ್ ಕಾರು ಇರುತ್ತದೆ. ವಾರದ ಕೊನೆಗೆ ಅದನ್ನು ರೇಸ್ ಟ್ರ್ಯಾಕಿಗೆ ಒಯ್ದು ಓಡಿಸಬೇಕು. ಓಡಿಸಿದಾಗ ಅದು ಕೆಡಬಹುದು, ಕೆಟ್ಟರೆ ಮನೆಗೆ ಬರಲಾರದು. ಆದಕಾರಣ ಅದನ್ನು ಟ್ರೇಲರಿನ ಮೇಲೆ ಹೇರಿ ಇನ್ನೊಂದು ಗಾಡಿಯಿಂದ ಎಳೆಯಬೇಕು. ಎಳೆಯುವ ಆ ಗಾಡಿಯೇ ಸೋಮವಾರದಿಂದ ಶುಕ್ರವಾರದವರೆಗೆ ಕಚೇರಿಗೂ ಹೋಗಬೇಕು. ಇದನ್ನು ಓದಿ ತಿಳವಳ್ಳಿಯವರು ನಗಬಾರದು. ಅವರ ಕೊಟ್ಟಿಗೆಯಲ್ಲೂ ಒಂದು ಸ್ಪೋರ್ಟ್ಸ್ ಕಾರು ನಿಂತಿದೆ. ಅದರ ಹೆಸರು ಕೊಬ್ಬರಿ ಹೋರಿ.

ಹಾವೇರಿ, ಶಿವಮೊಗ್ಗ ಜಿಲ್ಲೆಗಳ ಹೊರಗಿನವರಿಗಾಗಿ ಒಂದು ವಿವರಣೆ. ಬಲಿಪಾಡ್ಯಮಿಯಿಂದ ಮೊದಲಾಗಿ ಈ ಸೀಮೆಯ ಊರೂರುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ, ಕೋಡಿಗೆ ರಿಬ್ಬನ್ನು, ಬಲೂನು, ಬೆನ್ನಿಗೆ ಝೂಲು. ಜನಸಾಗರದ ನಡುವಿನ ಓಣಿಯಂಥ ಅಖಾಡದಲ್ಲಿ ಅದನ್ನು ಬಿಡುತ್ತಾರೆ. ಓಡುವ ಹೋರಿಯ ಕೊರಳಿನ ಕೊಬ್ಬರಿ ಹರಿದವನು ಗೆದ್ದ; ಹರಿಯಗೊಡದೆ ಪಾರಾದರೆ ಹೋರಿ ಗೆದ್ದಿತು. ಇಂಥ ಸ್ಪರ್ಧೆಗಳು ಕೋರ್ಟಿನ ಮೆಟ್ಟಿಲನ್ನೂ ಹತ್ತಿವೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಬಿಡಲು ಕಾಯ್ದೆ ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ವಾದ ನಡೆದದ್ದು ಪ್ರಾಣಿ ಓಡಬಹುದೇ ಎಂಬುದರ ಮೇಲೆ. ಓಡುವ ಜಾಗಕ್ಕೆ ಅದು ಬರುವುದು ಹೇಗೆಂಬುದು ಆ ವ್ಯಾಜ್ಯದ ವಿಷಯವಾಗಿರಲಿಲ್ಲ. ಆ ಕೊರತೆಯನ್ನು ತುಂಬುವ ಭಾರ ಪ್ರಸ್ತುತ ಪ್ರಬಂಧಕಾರನ ಹೆಗಲಿಗೆ ಬಿದ್ದಿದೆ.

ಕಾರು, ಹೋರಿಗಳ ಸಾಮ್ಯಲಕ್ಷಣಗಳು ಐದು. ಒಂದು: ಎರಡೂ ಕೆಲಸ ಮಾಡುವುದಿಲ್ಲ. ಕೊಬ್ಬರಿ ಹೋರಿಯನ್ನು ರಂಟೆಗೆ ಕಟ್ಟುವ ಮಾತಾಡಿದವನನ್ನು ಮನೆಯವರು ವಿಚಿತ್ರವಾಗಿ ನೋಡುತ್ತಾರೆ. ಎರಡು: ಎರಡರ ಆಹಾರವೂ ಬೇರೆ. ಮನೆಯ ಎತ್ತಿಗೆ ಹುಲ್ಲು ಸಾಕು. ಹೋರಿಗೆ ನೆನೆಸಿದ ಹುರುಳಿ, ಹತ್ತಿಕಾಳು, ಹಿಂಡಿ, ಮೇಲೆ ಹಸಿ ಮೊಟ್ಟೆ. ಮೂರು: ಎರಡಕ್ಕೂ ಎರಡೆರಡು ಬೆಲೆ, ಅಖಾಡದಲ್ಲಿ ಹೇಳುವುದು ಒಂದು, ಅಡುಗೆಮನೆಯಲ್ಲಿ ಹೇಳುವುದು ಇನ್ನೊಂದು. ನಾಲ್ಕು: ಓಡುವುದು ಕೆಲವೇ ಸೆಕೆಂಡು, ಅದರ ಮಾತು ಮುಂದಿನ ದೀಪಾವಳಿಯವರೆಗೆ. ಐದು: ಸಾಮಾನ್ಯ ರಸ್ತೆ ಎರಡಕ್ಕೂ ಆಗಿಬರುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಊರುಗಳ ಉಬ್ಬುಗಳು ಆ ಗ್ರಂಥವನ್ನು ಓದಿಲ್ಲ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ಮೊದಲ ಉಬ್ಬಿಗೇ ತಾಗುತ್ತದೆ. ಡಾಂಬರಿನ ಮೇಲೆ ದೂರ ನಡೆದ ಹೋರಿಯ ಗೊರಸು ಸವೆಯುತ್ತದೆ, ಕಾಲು ಜಾರುತ್ತದೆ.

ಸಂಶಯ

ಈ ಹೋರಿಗಳಲ್ಲಿ ಅಮೃತಮಹಲ್ ತಳಿಯವೂ ಉಂಟು. ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬೆಳೆದು, ಹೈದರನ ತೋಪು ಎಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದ ವಂಶ ಅದು. ಈ ದನಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ದಾಟಿ ಚಿದಂಬರಂ ಕಡೆಗೆ ಧಾವಿಸಿದನೆಂದು ಅವನ ವೈರಿಗಳಾದ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಇಂದಿಗೂ ಬೀರೂರಿನಲ್ಲಿ ಅಮೃತಮಹಲ್ ಕಾವಲಿನ ಹೋರಿಕರುಗಳ ಹರಾಜು ನಡೆದಾಗ ಹಾವೇರಿ ಕಡೆಯವರು ಲಕ್ಷ ದಾಟಿ ಕೂಗುತ್ತಾರೆ. ಕೊಂಡು, ಗಾಡಿಯಲ್ಲಿ ಹೇರಿಕೊಂಡು ಬರುತ್ತಾರೆ. ತೋಪು ಎಳೆದ ವಂಶದ ಕುಡಿ ಈಗ ತಾನೇ ಸರಕು.

ಸಂಶಯ ಹುಟ್ಟುವುದು ಇಲ್ಲಿ. ಮನೆಗೆ ಗಾಡಿ ಒಂದೇ ಎಂದಾದಾಗ ಅದನ್ನು ಯಾರಿಗಾಗಿ ಕೊಳ್ಳಬೇಕು? ವರ್ಷದ ಬಹುತೇಕ ದಿನ ಅದು ಡೇರಿಗೆ ಹಾಲಿನ ಕ್ಯಾನು, ಎಪಿಎಂಸಿಗೆ ಗೋವಿನಜೋಳ, ಹೊಲಕ್ಕೆ ಯೂರಿಯಾ, ಪೇಟೆಗೆ ಮಾವು, ಶುಂಠಿ, ಅಡಿಕೆ ಒಯ್ಯಬೇಕು. ಬೀಗರ ಮದುವೆ, ಅವ್ವನ ಮೊಣಕಾಲ ನೋವಿಗೆ ಹಾನಗಲ್ಲ ದವಾಖಾನೆ, ಇವೂ ಉಂಟು. ಹೋರಿಗೆ ಬೇಕಾಗುವುದು ಹಬ್ಬದ ಹಂಗಾಮಿನ ಕೆಲವು ದಿನ. ಆದರೆ ಶೋರೂಮಿನಲ್ಲಿ ನಿಂತ ಯಜಮಾನನ ಕಣ್ಣು ಹಿಂದಿನ ಜಾಗವನ್ನು ಅಳೆಯುವಾಗ ಆ ಕಣ್ಣಿನಲ್ಲಿ ಗೋವಿನಜೋಳದ ಚೀಲ ಇರುವುದಿಲ್ಲ.

ಪೂರ್ವಪಕ್ಷ

ಮೊದಲನೆಯದು ನಡಿಗೆವಾದ. ಹಿರಿಯರು ಇದರ ಪ್ರತಿಪಾದಕರು. "ನಮ್ಮ ಕಾಲ್ದಾಗ ಹೋರಿ ಚಕ್ಕಡಿ ಹಿಂದ ಕಟ್ಟಿದ್ರ ಆನವಟ್ಟಿ ತನಕ ನಡದ ಹೋಗತಿತ್ತು" ಎಂಬುದು ಇವರ ಮೂಲಸೂತ್ರ. ಖಂಡನೆ: ಆಗ ರಸ್ತೆ ಮಣ್ಣಿನದು, ಹೋರಿ ಹೊಲದ್ದು. ಸರಿಯಾಗಿ ಉತ್ತು ಬಿತ್ತಿ ಬಂದ ಪ್ರಾಣಿಗೆ ಆನವಟ್ಟಿ ದೂರವಲ್ಲ. ಹುರುಳಿ ತಿಂದು ಕೆರೆಯಲ್ಲಿ ಈಜಿ ಬೆಳೆದ ಇಂದಿನ ಹೋರಿ ನಡೆದು ಹೋದರೆ ಅದರ ಓಟ ದಾರಿಯಲ್ಲೇ ಮುಗಿಯುತ್ತದೆ.

ಎರಡನೆಯದು ಟ್ರ್ಯಾಕ್ಟರ್‌ವಾದ. ಬಲಕ್ಕೆ ಕೊರತೆಯಿಲ್ಲ, ಎಳೆಯುವುದೇ ಅದರ ಜನ್ಮಧರ್ಮ, ಟ್ರ್ಯಾಲಿಯಲ್ಲಿ ಹೋರಿಯ ಜೊತೆಗೆ ಅದರ ಅಭಿಮಾನಿ ಸಂಘವೂ ಹಿಡಿಸುತ್ತದೆ. ಆದರೆ ಟ್ರ್ಯಾಲಿಯ ಕುಲುಕಿಗೆ ಹೋರಿ ಅಖಾಡ ತಲುಪುವ ಮೊದಲೇ ಬೆದರಿರುತ್ತದೆ. ಬೆದರಿಸುವವರಿಗೆ ಕೆಲಸವೇ ಉಳಿಯುವುದಿಲ್ಲ. ಮೇಲಾಗಿ ಬೀಗರ ಮದುವೆಗೆ ಟ್ರ್ಯಾಕ್ಟರಿನಲ್ಲಿ ಹೋಗಿ ಇಳಿಯುವುದನ್ನು ಈಗಿನ ಸೊಸೆಯಂದಿರು ಒಪ್ಪುವುದಿಲ್ಲ.

ಮೂರನೆಯದು ಪಾಶ್ಚಾತ್ಯರ ಟ್ರೇಲರ್‌ವಾದ: ಮುಂದೆ ಒಳ್ಳೆಯ ಜೀಪು, ಹಿಂದೆ ಹೋರಿಗೆಂದೇ ಒಂದು ಟ್ರೇಲರು. ಆ ಶಾಖೆಯ ಗ್ರಂಥಗಳು ಹೇಳುವಂತೆ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಬೀಳಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಅಡ್ಡಡ್ಡ ತೂಗಾಡುತ್ತದೆ. ಇದು ಚಕ್ಕಡಿ ಹೂಡುವವನಿಗೆ ಹೊಸ ವಿದ್ಯೆಯಲ್ಲ. ಹೇರು ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆಂದು ಅವನು ಚೀಲ ಮುಂದೆ ಸರಿಸಿ ಹೇರುತ್ತಾನೆ. ತೊಡಕು ಬೇರೆ ಕಡೆಗಿದೆ. ಕಾರನ್ನು ನಾಲ್ಕು ಪಟ್ಟಿ ಹಾಕಿ ಬಿಗಿದರೆ ಅದು ಮಿಸುಕುವುದಿಲ್ಲ. ಹೋರಿ ತನ್ನ ಭಾರವನ್ನು ತಾನೇ ಹಿಂದೆ ಮುಂದೆ ಮಾಡುತ್ತದೆ. ಶೇಕಡಾವಾರು ಲೆಕ್ಕ ಅದಕ್ಕೆ ಗೊತ್ತಿಲ್ಲ. ಟ್ರೇಲರಿಗೆ ಬೇರೆ ನೋಂದಣಿ ಬೇಕು, ನಿಲ್ಲಿಸಲು ಬೇರೆ ಜಾಗ ಬೇಕು, ಓಣಿಯಲ್ಲಿ ರಿವರ್ಸ್ ಹೊಡೆಯಲು ಪೂರ್ವಜನ್ಮದ ಪುಣ್ಯ ಬೇಕು.

ನಾಲ್ಕನೆಯದು ಏಸ್‌ವಾದ. 2005ರಲ್ಲಿ ಬಂದು ಛೋಟಾ ಹಾಥಿ ಎಂದು ಹೆಸರಾದ ಟಾಟಾ ಏಸ್ ಮುಕ್ಕಾಲು ಟನ್ ಹೊರುತ್ತದೆ. ಹೋರಿಯ ತೂಕ ಸುಮಾರು ನಾಲ್ಕೈದು ಕ್ವಿಂಟಲ್. ಹಿಂದಿನ ಜಾಗ ಸುಮಾರು 3.3 ಚದರ ಮೀಟರ್. ಮೋಟಾರು ವಾಹನ ನಿಯಮ ಒಂದು ದನಕ್ಕೆ ಕೇಳುವುದು 2 ಚದರ ಮೀಟರ್. ಲೆಕ್ಕದಲ್ಲಿ ಏಸ್ ಪಾಸು. ಆದರೆ ಚೀಲ ಮಲಗುತ್ತದೆ, ಹೋರಿ ನಿಲ್ಲುತ್ತದೆ. ನಾಲ್ಕು ಕಾಲಿನ ಮೇಲೆ ಎತ್ತರದಲ್ಲಿ ನಿಂತ ಭಾರ ತಿರುವಿನಲ್ಲಿ ಹೊರಗೆ ಎಳೆಯುತ್ತದೆ, ಗಾಡಿ ಹಗುರ. ಗ್ಯಾರೇಜ್ ಶಾಖೆಯ ಆಚಾರ್ಯರೊಬ್ಬರು ಸ್ಪ್ಯಾನರು ಕೆಳಗಿಡದೆಯೇ ಇದಕ್ಕೆ ಭಾಷ್ಯ ಬರೆದರು: "ಹೋರಿ ಒಂದ ಸಲ ಮಗ್ಗಲಾ ಬದಲಿ ಮಾಡಿದ್ರ ಸಾಕ್ರಿ, ಗಾಡಿನೂ ಮಗ್ಗಲಾ ಬದಲಿ ಮಾಡತೈತಿ."

ಸಿದ್ಧಾಂತ

ಉಳಿದದ್ದು ಪಿಕಪ್. ಬೊಲೆರೊ ಪಿಕಪ್ಪಿನಂಥ ಗಾಡಿಗಳಲ್ಲಿ ಹಿಂದಿನ ಜಾಗ ಹೆಚ್ಚುಕಡಿಮೆ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ. ಒಂದೂವರೆ ಟನ್ನಿನ ಆಸುಪಾಸು ಹೊರುವ ಮಾದರಿಗಳಿವೆ. ಗಾಡಿಯ ಸ್ವಂತ ತೂಕವೇ ಹೋರಿಯ ಚಾಂಚಲ್ಯವನ್ನು ಹಿಡಿದಿಡುತ್ತದೆ.

ಹೋರಿ ಏರಿಸುವ ವಿಧಿಯನ್ನು ಇಲ್ಲಿ ದಾಖಲಿಸುವುದು ಅಗತ್ಯ. ಗಾಡಿಯನ್ನು ಹೊಲದ ಒಡ್ಡಿಗೋ, ಒಣಗಿ ಗಟ್ಟಿಯಾದ ತಿಪ್ಪೆಗೋ ಹಿಮ್ಮುಖವಾಗಿ ತಾಗಿಸಿ ಹಿಂದಿನ ಬಾಗಿಲು ಇಳಿಸಬೇಕು. ತಗಡಿನ ಮೇಲೆ ದಪ್ಪಗೆ ಭತ್ತದ ಹುಲ್ಲು, ಕಂಬಿಗಳಿಗೆ ಗೋಣಿತಟ್ಟು. ಒಬ್ಬ ಮೂಗುದಾರ ಹಿಡಿದು ಮುಂದೆ, ಇಬ್ಬರು ಮಗ್ಗುಲಿಗೆ. ಹೋರಿ ಮುಂಗಾಲೆರಡನ್ನು ಇಟ್ಟು, ತಗಡು ಸಪ್ಪಳ ಮಾಡಿದ್ದಕ್ಕೆ ನಿಂತು, ಮೂಸಿ, ಹುಲ್ಲಿಗೆ ಬಾಯಿ ಹಾಕುತ್ತದೆ. ಆಗ ಯಾರೂ ಹೊಡೆಯಬಾರದು, ಬಾಲ ತಿರುಚಬಾರದು. ಎರಡನೆಯ ಬಾಯಿ ಹುಲ್ಲಿಗೆ ಹಿಂಗಾಲುಗಳು ತಾವಾಗಿಯೇ ಬರುತ್ತವೆ.

ಇನ್ನು ಶ್ರುತಿಪ್ರಮಾಣ. 1978ರ ಪ್ರಾಣಿ ಸಾಗಣೆ ನಿಯಮಗಳು ದನಗಳ ವಿಷಯದಲ್ಲಿ ಹೀಗೆ ವಿಧಿಸುತ್ತವೆ: ನೆಲದ ಮೇಲೆ ಕಾಲು ಜಾರದಂತೆ ಹಾಸು ಇರಬೇಕು, ಗಾಡಿಗೊಬ್ಬ ಪಾಲಕ ಇರಬೇಕು, ದನಗಳ ಜೊತೆ ಬೇರೆ ಸರಕು ಹೇರಬಾರದು, ಬೆದರದಂತೆ ಅವುಗಳ ಮುಖ ಆದಷ್ಟು ಎಂಜಿನ್ನಿನ ಕಡೆಗಿರಬೇಕು. ಕೊನೆಯ ವಿಧಿಯಿಂದ ಅಭಿಮಾನಿಗಳಿಗೆ ನೋವಾಗಿದೆ. ಹಿಂದೆ ಬರುವವರಿಗೆ ಸಿಗುವುದು ಬಾಲದ ದರ್ಶನ ಮಾತ್ರ. ಆದರೆ ದೊಡ್ಡ ತೊಡಕು ಮೂರನೆಯ ವಿಧಿಯಲ್ಲಿದೆ. ಹೋರಿಯ ಸುತ್ತ ಕಂಬಿ ಹಿಡಿದು ನಿಲ್ಲುವ ಗೆಳೆಯರು ಸರಕೋ, ಪ್ರಯಾಣಿಕರೋ? ಸರಕು ಎಂದರೆ ಹೋರಿಯ ಜೊತೆ ನಿಷಿದ್ಧ. ಪ್ರಯಾಣಿಕರು ಎಂದರೆ ಸರಕು ಗಾಡಿಯಲ್ಲೇ ನಿಷಿದ್ಧ. ಪಾಲಕರು ಎಂದರೆ ಶಾಸ್ತ್ರ ಹೇಳಿದ್ದು ಒಬ್ಬನನ್ನು. ಮೂರೂ ಬಾಗಿಲು ಮುಚ್ಚಿದ ಮೇಲೆ ಗೆಳೆಯರಿಗೆ ಬೈಕು, ಹೆಲ್ಮೆಟ್ಟು, ಇವೆರಡೇ ಗತಿ.

ಇಷ್ಟಾದರೂ ಅಡುಗೆಮನೆ ಶಾಖೆಯ ಆಕ್ಷೇಪ ಉಳಿಯುತ್ತದೆ. "ಹೋರಿಗೆ ಜಾಗಾ ಆತು. ನಿಮ್ಮವ್ವಗ ಎಲ್ಲೈತ್ರಿ?" ಡಬಲ್ ಕ್ಯಾಬಿನ್ ಪಿಕಪ್ ತಂದರೆ ಮನೆಮಂದಿ ಕೂರುತ್ತಾರೆ, ಹಿಂದಿನ ಜಾಗ ಗಿಡ್ಡವಾಗಿ ಹೋರಿಯ ಬಾಲ ರಸ್ತೆಗೆ ಬರುತ್ತದೆ. ಸಿಂಗಲ್ ಕ್ಯಾಬಿನ್ ತಂದರೆ ಹೋರಿ ನೆಟ್ಟಗೆ ನಿಲ್ಲುತ್ತದೆ, ಸಂಸಾರ ಮನೆಯಲ್ಲೇ ಉಳಿಯುತ್ತದೆ. ಇಲ್ಲಿ ಯಜಮಾನರು ಶಕ್ತಿ ಯೋಜನೆಯನ್ನು ಪ್ರಮಾಣವಾಗಿ ತರುತ್ತಾರೆ: 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಹೋರಿಗೆ ಅಂಥ ಯೋಜನೆ ಯಾವ ಸರ್ಕಾರವೂ ತಂದಿಲ್ಲ. ವಾದ ಚುರುಕಾಗಿದೆ. "ಬಸ್ಸು ಹೊಲಕ್ಕ ಬರತೈತೇನ್ರಿ?" ಎಂಬ ಮರುಪ್ರಶ್ನೆಗೆ ಈ ಶಾಖೆಯಲ್ಲಿ ಇನ್ನೂ ಉತ್ತರ ಹುಟ್ಟಿಲ್ಲ.

ನಿರ್ಣಯ

ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ಮಾಡಿದ್ದಾರೆ. ಹಾಲು, ಗೋವಿನಜೋಳ, ಗೊಬ್ಬರ ನಿತ್ಯ. ಮದುವೆ, ದವಾಖಾನೆ ನೈಮಿತ್ತಿಕ. ಹೋರಿ ಕಾಮ್ಯ, ಆಸೆ ಇದ್ದವನು ಮಾಡುವುದು, ಮಾಡದಿದ್ದರೆ ಪಾಪವಿಲ್ಲ. ಕಾಮ್ಯಕ್ಕಾಗಿ ನಿತ್ಯವನ್ನು ಕೆಡಿಸಬಾರದೆಂಬುದು ಶಾಸ್ತ್ರಸಮ್ಮತ. ಆದ್ದರಿಂದ ಗಾಡಿಯನ್ನು ಗೋವಿನಜೋಳದ ಲೆಕ್ಕದಲ್ಲಿ ಆರಿಸತಕ್ಕದ್ದು. ಹಂಗಾಮಿಗೆ ಹತ್ತಾರು ಕ್ವಿಂಟಲ್ ಮಾಲು ಪೇಟೆಗೆ ಒಯ್ಯುವ ಮನೆಗೆ ಸಿಂಗಲ್ ಕ್ಯಾಬಿನ್ ಪಿಕಪ್ ಸರಿ; ಅಷ್ಟು ಮಾಲು ಹೊರುವ ಗಾಡಿ ಹೋರಿಯನ್ನು ಹೊರದೆ ಇರುವುದಿಲ್ಲ. ಅವ್ವ ಮುಂದಿನ ಸೀಟಿನಲ್ಲಿ ಕೂರತಕ್ಕದ್ದು. ಅಷ್ಟು ಮಾಲಿಲ್ಲದ ಮನೆಯವರು ಹಬ್ಬದ ದಿನಕ್ಕೆ ಬಾಡಿಗೆ ಗಾಡಿ ಹಿಡಿಯುವುದು ಲೇಸು. ಹೋರಿಯ ಹೆಸರಿನಲ್ಲಿ ಗಾಡಿ ತಂದು, ಗಾಡಿಯ ಕಂತು ಕಟ್ಟಲು ಹೋರಿ ಮಾರುವುದು ಈ ಶಾಸ್ತ್ರದಲ್ಲಿ ಮಹಾಪಾತಕ.

ವಾಚಕರಲ್ಲಿ ಕೊನೆಯದಾಗಿ ಒಂದು ಮಾತು, ಇದರಲ್ಲಿ ಅಣಕವಿಲ್ಲ. ಗಾಡಿಗಳಿಗೆಲ್ಲ ಬ್ರೇಕು ಇದೆ, ಬಿಟ್ಟ ಹೋರಿಗೆ ಇಲ್ಲ. ಅಖಾಡಕ್ಕೆ ಹೋದಾಗ ಬೇಲಿಯ ಹಿಂದೆ ನಿಲ್ಲಿ, ಮಕ್ಕಳನ್ನು ಇನ್ನೂ ಹಿಂದೆ ನಿಲ್ಲಿಸಿ.